ತೆಂಗಿನಕಾಯಿಗೆ ಮೂರು ಕಿವಿ ಬಂದದ್ದು

ಭೂಮಿ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಯಾವ ಕಡೆಗೆ ನಡೆಯಬೇಕೆಂದು ಏಡಿ ಇನ್ನೂ ಯೋಚಿಸುತ್ತಿತ್ತು. ಕಡಲ ದಂಡೆಯಲ್ಲಿ ಒಂದು ತೆಂಗಿನ ಮರವಿತ್ತು. ಒಂದೇ ಒಂದು. ಅದರಲ್ಲಿ ಒಂದು ಕಾಯಿ ಬಿಟ್ಟಿತು. ಅದೂ ಒಂದೇ ಒಂದು.

ಕಾಯಿಯ ತುಂಬ ತಣ್ಣನೆಯ ಸಿಹಿನೀರು. ಆದರೆ ಅದಕ್ಕೆ ಹೆಸರಿಲ್ಲ. ಹೆಸರಿಡದ ಮಗುವನ್ನು ಹೊರಗಿನವರ ಕೈಗೆ ಕೊಡಬಾರದು ಎಂಬುದು ತಾಯಿಮರ ತೆಂಗಮ್ಮನ ಮನೆಯ ಕಟ್ಟಳೆ. ಹೆಸರನ್ನು ಸೋದರತ್ತೆಯೇ ಬಂದು ಮಗುವಿನ ಕಿವಿಯಲ್ಲಿ ಹೇಳಬೇಕು.

ಕಾಯಿಯ ಅಪ್ಪ ಕಡಲು. ಕಡಲಿಗೆ ಮೂವರು ತಂಗಿಯರು, ಮೂವರೂ ಗಾಳಿಗಳು. ಹಿರಿಗಾಳಿ ಈಗಿನ ಮಂಗಳೂರಿನ ಕಡೆ ಇದ್ದಳು, ನಡುಗಾಳಿ ಕುಂದಾಪುರದ ಕಡೆ. ಕಿರಿಗಾಳಿ ಘಟ್ಟ ಹತ್ತಿ ಮಂಡ್ಯದ ಕಡೆ ಹೋಗಿ ನೆಲೆಸಿದ್ದಳು. ತೆಂಗಮ್ಮ ಮೂವರನ್ನೂ ಕರೆದಳು. ನಾನೂ ಒಬ್ಬ ಸೋದರತ್ತೆ, ಅದಕ್ಕೇ ಹೇಳುತ್ತೇನೆ: ಒಬ್ಬಳನ್ನು ಕರೆದಿದ್ದರೆ ಸಾಕಿತ್ತು.

ಅದೇ ಬೆಳಿಗ್ಗೆ ದುಗ್ಗಿ ಎಂಬ ತಾಯಿ ಮರದ ಬುಡಕ್ಕೆ ಬಂದು ಕೂತಳು. ಮಡಿಲಲ್ಲಿ ಪುಟ್ಟ ಮಗಳು ಕಾಚು. ಮಗುವಿಗೆ ಮೂರು ದಿನದಿಂದ ಜ್ವರ, ತುಟಿಯೆಲ್ಲ ಒಣಗಿತ್ತು.

“ತೆಂಗಮ್ಮ, ಆ ಕಾಯಿ ಕೊಡು. ಮಗುವಿಗೆ ಬಾಯಾರಿ ಸಾಕಾಗಿದೆ.”

“ಒಂಚೂರು ನಿಲ್ಲು ಮಾರಾಯ್ತಿ, ಹೆಸರಿಟ್ಟು ಆಯ್ತು ಅಂತಲೇ ತಿಳ್ಕೋ” ಎಂದಳು ತೆಂಗಮ್ಮ.

ಹಿರಿಗಾಳಿ ಮೊದಲು ಬಂದಳು. “ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಅತ್ತಿಗೆ? ಬೊಂಡ ಅಂತ ಇಡುವ.” ಕಾಯಿಗಿದ್ದ ಒಂದೇ ಒಂದು ಕಿವಿಗೆ ಬಾಯಿಟ್ಟು “ಬೊಂಡ” ಎಂದಳು. ಎಂದವಳು ಅಲ್ಲಿಂದ ಬಾಯಿ ತೆಗೆಯಲೇ ಇಲ್ಲ.

ನಡುಗಾಳಿಗೆ ಸಿಟ್ಟು ಬಂತು. “ಸೀಯಾಳ ಅಂದ್ರೆ ಎಷ್ಟ್ ಲಾಯ್ಕಿತ್ತ್ ಕಾಣಿ!” ಅವಳಿಗೆ ಕಿವಿ ಸಿಗಲಿಲ್ಲ. ಬೆರಳಿನಿಂದ ತಿವಿದು ಪಕ್ಕದಲ್ಲೇ ಇನ್ನೊಂದು ಕಿವಿ ಮಾಡಿ ಅದರೊಳಗೆ ಕೂಗಿದಳು.

ಅಷ್ಟರಲ್ಲಿ ಕಿರಿಗಾಳಿ ಘಟ್ಟ ಇಳಿದು ಏದುಸಿರು ಬಿಡುತ್ತ ಬಂದಳು. “ನನ್ ಬುಟ್ಟು ಯೆಸ್ರು ಮಡಗ್ಬುಟ್ರಾ? ಎಳ್ನೀರು ಅನ್ನಿ. ಬ್ಯಾರೆ ಏನಂದ್ರೂ ನಾನು ಈ ಮನೇಲಿ ಉಣ್ಣಾಕಿಲ್ಲ!” ಅವಳೂ ತಿವಿದಳು. ಮೂರನೆಯ ಕಿವಿಯಾಯಿತು.

ಬೊಂಡ! ಸೀಯಾಳ! ಎಳ್ನೀರು! ಮೂವರೂ ಗರಿ ಹಿಡಿದು ಎಳೆದಾಡಿದರು. ಅಲ್ಲಿಯವರೆಗೆ ಅಗಲವಾಗಿದ್ದ ಗರಿಗಳು ಸೀಳಿ ಸೀಳಿ ಹೋದವು. ಹೊತ್ತು ನೆತ್ತಿಗೇರಿತು. ಕಾಚು ಕಣ್ಣು ಬಿಡುತ್ತಿರಲಿಲ್ಲ. ಪಾಪ, ತೆಂಗಮ್ಮ ಅಷ್ಟು ಎತ್ತರವಿದ್ದರೂ ನಾದಿನಿಯರ ಮುಂದೆ ಬಾಯಿ ಬಿಡುವ ಧೈರ್ಯ ಅವಳಿಗಿರಲಿಲ್ಲ.

ದುಗ್ಗಿ ಎದ್ದು ನಿಂತಳು.

“ನಿಲ್ಲಿಸಿ ನಿಮ್ಮ ಹೆಸರು! ನನ್ನ ಮಗಳಿಗೂ ಒಂದು ಹೆಸರುಂಟು, ಕಾಚು ಅಂತ. ಸಂಜೆ ಆ ಹೆಸರು ಕರೆದರೆ ಓ ಅನ್ಲಿಕ್ಕೆ ಯಾರೂ ಇರುವುದಿಲ್ಲ!”

ಮೂವರೂ ಹಿಡಿದ ಗರಿ ಬಿಟ್ಟು ಹಿಂದೆ ಸರಿದರು. ಕಡಲೂ ಅಲೆ ಎತ್ತಲಿಲ್ಲ. ಆಗ ತೆಂಗಮ್ಮ, ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ, ಕಾಯಿಯ ತೊಟ್ಟು ಬಿಟ್ಟಳು.

ಕಾಯಿ ದೊಪ್ಪನೆ ಮರಳಿಗೆ ಬಿತ್ತು. ದುಗ್ಗಿ ಚೂಪು ಕಲ್ಲಿನಿಂದ ಕೊಚ್ಚಿ, ನೀರನ್ನು ಮಗುವಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟಳು. ಮೊದಲು ಹನಿ, ಆಮೇಲೆ ಗುಟುಕು, ಆಮೇಲೆ ಗಟಗಟ. ಕಾಚು ಕಣ್ಣು ಬಿಟ್ಟಳು. ದುಗ್ಗಿ ಅಳುತ್ತಲೇ ನಕ್ಕಳು.

ಅತ್ತೆಯಂದಿರಿಗೆ ಬುದ್ಧಿ ಬಂತೆಂದುಕೊಂಡಿರಾ? ಮೂವರೂ ಬಗ್ಗಿ ಮಗುವಿನ ಹತ್ತಿರ ಬಂದರು. “ನೀನೇ ಹೇಳು ಮಗಾ, ಕುಡಿದದ್ದು ಏನು?”

ಕಾಚು ಬಾಯಿ ಒರೆಸಿಕೊಂಡು ಮೇಲೆ ನೋಡಿದಳು.

“ಇನ್ನೊಂದು” ಎಂದಳು.

ಅದನ್ನು ಕೇಳಿ ಹಿಗ್ಗಿದ ತೆಂಗಮ್ಮ ಅಂದಿನಿಂದ ಗೊನೆಗೊನೆಯಾಗಿ ಕಾಯಿ ಬಿಡತೊಡಗಿದಳು. ಸುಲಿದ ಕಾಯಿಯ ಜುಟ್ಟು ತೆಗೆದು ನೋಡಿ, ಮೂರು ಗುಳಿಗಳಿವೆ. ಜನ ಅವನ್ನು ಕಣ್ಣು ಎನ್ನುತ್ತಾರೆ. ಕಣ್ಣಲ್ಲ, ಕಿವಿ. ಅತ್ತೆಯರ ಕೂಗಿಗೆ ಎರಡು ಗಟ್ಟಿಯಾಗಿ ಮುಚ್ಚಿಹೋದವು, ಒಂದು ಮಾತ್ರ ಈಗಲೂ ಮೆತ್ತಗಿದೆ. ಇನ್ನು ಯಾವ ಊರಿನಲ್ಲಾದರೂ ಕಾಯಿ ಮಾರುವ ಗಾಡಿಯ ಮುಂದೆ ನಿಂತು ಕಿವಿಗೊಡಿ: ಮೊದಲನೆಯದನ್ನು ಜನ ತಮ್ಮ ತಮ್ಮ ಅತ್ತೆ ಇಟ್ಟ ಹೆಸರಿನಿಂದ ಕೇಳುತ್ತಾರೆ, ಎರಡನೆಯದನ್ನು ಮಾತ್ರ ಎಲ್ಲರೂ ಕಾಚು ಇಟ್ಟ ಹೆಸರಿನಿಂದಲೇ ಕೇಳುತ್ತಾರೆ.