ಗುರಿ ತಪ್ಪಲು ಹೊರಟ ಮಹಾರಾಜರು

ಕಾಲೇಜು ತಂಡ ಸೋತರೆ ರೆಫರಿಯನ್ನು ಬೈದು ಮನೆಗೆ ಹೋಗಿ ಮಲಗಬಹುದು. ಗೆದ್ದರೇ ಕಷ್ಟ ನೋಡಿ, ಬೈಯುವುದಕ್ಕೆ ನಮ್ಮವರೇ ಬೇಕು. ನಾನು ಓದುತ್ತಿದ್ದಾಗಲೂ ಹೀಗೇ, ಈಗಲೂ ಹೀಗೇ. ಆದರೆ ಇಂಥ ಜಗಳಕ್ಕೆ ಮಹಾರಾಜರೇ ಇಳಿದದ್ದು ಭೈರವಗಡ ಸಂಸ್ಥಾನದಲ್ಲಿ ಮಾತ್ರ.

ಭೈರವಗಡ ದೊಡ್ಡ ಸಂಸ್ಥಾನವೇನಲ್ಲ. ಒಂದು ಅರಮನೆ, ಒಂದು ಕೆರೆ, ಒಂದು ಕಾಲೇಜು. ಆ ಕಾಲೇಜಿನ ಫುಟ್‌ಬಾಲ್ ತಂಡ ಸೆಮಿಫೈನಲ್ಲಿನಲ್ಲಿ ಒಂದೇ ಒಂದು ಗೋಲಿನಿಂದ ಗೆದ್ದು ಬಂತು. ಹೊಡೆದವನು ಕ್ಯಾಪ್ಟನ್ ಹೊನ್ನಪ್ಪ. ಬಿ.ಎ. ಕೊನೆಯ ವರ್ಷದ ಹುಡುಗ. ಶನಿವಾರದ ಫೈನಲ್ಲೇ ಅವನ ಕಡೆಯ ಪಂದ್ಯ.

ಸುದ್ದಿ ಒಪ್ಪಿಸಲು ವಿದ್ಯಾರ್ಥಿಗಳೆಲ್ಲ ಅವನ ಕೊರಳಿಗೆ ಹಾರ ಹಾಕಿ ಅರಮನೆಗೆ ಕರೆತಂದರು. ಮಹಾರಾಜ ಭುಜಂಗರಾಯರಿಗೂ ಫುಟ್‌ಬಾಲಿನ ಹುಚ್ಚು. ಎಲ್ಲರಿಗೂ ಕಾಫಿ ಕೊಡಿಸಿ, ಆಟ ಹೇಗಿತ್ತು ಎಂದು ಕೇಳಿದರು. ಕೇಳಬಾರದಿತ್ತು.

ಪಾಸುಗಳೇ ಸರಿಯಿರಲಿಲ್ಲ ಎಂದನೊಬ್ಬ. ಹೊನ್ನಪ್ಪ ನಾಲ್ಕು ಸುಲಭದ ಅವಕಾಶ ಹಾಳುಮಾಡಿದ, ತಾನಾಗಿದ್ದರೆ ಒಂಟಿಕಾಲಲ್ಲೇ ಹೊಡೆಯುತ್ತಿದ್ದೆ ಎಂದ ಇನ್ನೊಬ್ಬ. ಪಂದ್ಯಕ್ಕೆ ಹೋಗದೆ ಹಾಸ್ಟೆಲಿನಲ್ಲೇ ಉಳಿದಿದ್ದ ಮತ್ತೊಬ್ಬ ಎಲ್ಲರಿಗಿಂತ ಹೆಚ್ಚು ಮಾತಾಡಿದ. ಗೆಲ್ಲಿಸಿ ಬಂದ ಹುಡುಗ ಹಾರ ಹಿಸುಕುತ್ತ ತಲೆ ತಗ್ಗಿಸಿ ನಿಂತ.

ಎಲ್ಲವನ್ನೂ ಕೇಳಿ ಮಹಾರಾಜರು ಮೀಸೆ ತಿರುವಿದರು.

"ಐದು ಅವಕಾಶಕ್ಕೆ ಒಂದೇ ಗೋಲೇ? ದಿನಾ ಸಂಜೆ ಅರಮನೆ ಮೈದಾನದಲ್ಲಿ ನಾನು ಹತ್ತು ಸಲ ಒದೆಯುತ್ತೇನೆ. ಹತ್ತಕ್ಕೆ ಹತ್ತೂ ಗೋಲು. ಶನಿವಾರ ಹೊನ್ನಪ್ಪ ಹೊರಗಿರಲಿ, ಅವನ ಜಾಗದಲ್ಲಿ ನಾನೇ ಆಡುತ್ತೇನೆ."

ಕಾಲೇಜಿನ ವಿದ್ಯಾರ್ಥಿಯಲ್ಲದವರು ಆಡುವಂತಿಲ್ಲವಲ್ಲ ಎನ್ನುತ್ತೀರಾ? ಹುಡುಗರ ಜೊತೆ ಬಂದಿದ್ದ ಪ್ರಿನ್ಸಿಪಾಲರು ಆ ಕ್ಷಣವೇ ಮಹಾರಾಜರ ಹೆಸರನ್ನು ಇಂಟರ್‌ಮೀಡಿಯೆಟ್ ಮೊದಲ ವರ್ಷದ ಹಾಜರಿ ಪುಸ್ತಕಕ್ಕೆ ಸೇರಿಸಲು ಒಪ್ಪಿಬಿಟ್ಟರು.

ಇಷ್ಟು ಹೊತ್ತು ಬಾಯಿ ಮಾಡಿದವರೆಲ್ಲ ಒಬ್ಬರ ಹಿಂದೊಬ್ಬರು ಸರಿದು ನಿಂತರು. ಆ ಹತ್ತು ಗೋಲುಗಳ ಗುಟ್ಟು ಮಹಾರಾಜರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಅಲ್ಲಿ ಗೋಲು ಕಾಯುವವನು ದಫೇದಾರ್ ಹುಸೇನಿ, ಅರಮನೆಯ ಹಳೆಯ ನೌಕರ. ದೊರೆಯ ಚೆಂಡನ್ನು ಅವನು ತಡೆಯುವುದುಂಟೇ? ಆದರೆ ಅದನ್ನು ಹೇಳುವವರು ಯಾರು?

ದಿನಾ ಬೆಳಿಗ್ಗೆ ಮಹಾರಾಜರಿಗೆ ಪತ್ರಿಕೆ ಓದಿ ಹೇಳುತ್ತಿದ್ದ ಅಪ್ರಮೇಯಯ್ಯ ಅಲ್ಲೇ ಇದ್ದರು. ಹೊನ್ನಪ್ಪನ ಮುಖ ಒಂದು ಸಲ ನೋಡಿ, ಮುಂದೆ ಬಂದು ಕೈ ಮುಗಿದರು.

"ಒಳ್ಳೆಯ ಅಪ್ಪಣೆ, ಮಹಾಸ್ವಾಮಿ. ಒಂದೇ ಒಂದು ಅಂಜಿಕೆ. ಇವತ್ತು ಸಂಜೆ ಎದುರು ತಂಡದವರು ಕದ್ದು ನೋಡಲು ಬಂದರೂ ಬಂದಾರು. ತಾವು ಬೇಕೆಂದೇ ಹತ್ತನ್ನೂ ಹೊರಗೆ ಒದೆಯಬೇಕು. ಇವರೇನು ಆಡಿಯಾರು ಎಂದು ಅವರು ಮೈಮರೆಯಲಿ. ಹುಸೇನಿಗೂ ಈ ವಿಷಯ ತಿಳಿಯಬಾರದು."

ಉಪಾಯ ಮಹಾರಾಜರಿಗೆ ಬಹಳ ಹಿಡಿಸಿತು.

ಸಂಜೆ ಮೊದಲ ಚೆಂಡನ್ನು ಕಂಬದಿಂದ ಎರಡು ಮಾರು ಆಚೆಗೆ ಒದೆದರು. ಹುಸೇನಿ ಹಾರಿ ಬಿದ್ದು, ಎರಡು ಕೈಯಲ್ಲೂ ಬಡಿದು ಅದನ್ನು ಗೋಲಿನೊಳಕ್ಕೆ ನೂಕಿದ. ಆಸ್ಥಾನದವರೆಲ್ಲ ಚಪ್ಪಾಳೆ ತಟ್ಟಿದರು.

ಎರಡನೆಯದನ್ನು ಎತ್ತರಕ್ಕೆ ಒದೆದರು. ಹುಸೇನಿ ನೆಗೆದು ಹಿಡಿದು, ಚೆಂಡಿನ ಸಮೇತ ಹಿಂದಕ್ಕೆ ಉರುಳಿ ಬಲೆಯೊಳಗೆ ಬಿದ್ದ.

ಮೂರನೆಯದು ಆನೆ ಲಾಯದ ಕಡೆ ಹೋಯಿತು. ಹುಸೇನಿ ಓಡಿದ, ರುಮಾಲು ಬಿದ್ದರೂ ನಿಲ್ಲಲಿಲ್ಲ. ಚೆಂಡನ್ನು ಅಲ್ಲಿಂದ ತಳ್ಳಿಕೊಂಡು ಬಂದು, ತಾನೇ ಒಳಗೆ ಒದ್ದು, ಸಲಾಮು ಹೊಡೆದು ಮೂರಾಯಿತು ಹುಜೂರ್ ಎಂದ.

ಮಹಾರಾಜರಿಗೆ ರೇಗಿತು. ಗೋಲಿಗೆ ಬೆನ್ನು ಮಾಡಿ ನಿಂತು ದಿವಾನರು ಕುಳಿತಿದ್ದ ಕಡೆಗೆ ಬಾರಿಸಿದರು. ದಿವಾನರು ಎದ್ದು, ಚೆಂಡನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು, ನಡೆದು ಹೋಗಿ ಗೋಲಿನೊಳಗೆ ಇಟ್ಟು ಬಂದರು.

ಹೀಗೆ ಹತ್ತೂ ಆಯಿತು. ಹತ್ತಕ್ಕೆ ಹತ್ತೂ ಗೋಲು.

ಮಹಾರಾಜರು ಬೆವರು ಒರೆಸಿಕೊಳ್ಳುತ್ತ ಅಪ್ರಮೇಯಯ್ಯನವರ ಬಳಿಗೆ ಬಂದರು. "ಒಂದನ್ನಾದರೂ ಹೊರಗೆ ಹಾಕಲಾಗಲಿಲ್ಲವಲ್ಲಯ್ಯ" ಎಂದರು. ಆಮೇಲೆ ತಿರುಗಿ, ಹೆಮ್ಮೆಯಿಂದ ರುಮಾಲು ಕೊಡವುತ್ತಿದ್ದ ಹುಸೇನಿಯನ್ನು ಬಹಳ ಹೊತ್ತು ನೋಡಿದರು. ದನಿ ತಗ್ಗಿತು.

"ಇದು ಎಷ್ಟು ದಿನದಿಂದ ನಡೆದಿದೆ?"

"ತಾವು ಚೆಂಡು ಮುಟ್ಟಿದ ದಿನದಿಂದ, ಮಹಾಸ್ವಾಮಿ."

"ಮತ್ತೆ ಶನಿವಾರ?"

ಅಪ್ರಮೇಯಯ್ಯ ಕೋಟಿನ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು.

"ಅದಕ್ಕೇ ಈ ನೇಮಕದ ಆಜ್ಞೆ ಬರೆದು ತಂದಿದ್ದೇನೆ, ತಾವು ರುಜು ಹಾಕಿದರೆ ಸಾಕು. ಎದುರು ಕಾಲೇಜಿನ ಗೋಲ್‌ಕೀಪರನ್ನು ಶುಕ್ರವಾರದೊಳಗೆ ನಮ್ಮ ಅರಮನೆಗೆ ದಫೇದಾರನಾಗಿ ಸೇರಿಸಿಕೊಂಡುಬಿಡೋಣ. ಇಲ್ಲದಿದ್ದರೆ ಪಾಪ, ಆ ಹುಡುಗ ಇಲ್ಲಿನ ಪದ್ಧತಿ ತಿಳಿಯದೆ ಚೆಂಡು ಹಿಡಿದುಬಿಟ್ಟಾನು."

ಮಹಾರಾಜರ ಮೀಸೆ ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿತು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಅವರು ನಕ್ಕದ್ದನ್ನು ನೋಡಿ ಹುಸೇನಿಯೂ ನಕ್ಕ, ಯಾಕೆಂದು ಅವನಿಗೆ ತಿಳಿಯದಿದ್ದರೂ.

ಮಹಾರಾಜರು ಹೊನ್ನಪ್ಪನನ್ನು ಕರೆಸಿದರು. ಶನಿವಾರ ನೀನೇ ಆಡು, ನಾಲ್ಕಲ್ಲ ನಲವತ್ತು ತಪ್ಪಿದರೂ ಆಡು ಎಂದು ಬೆನ್ನು ತಟ್ಟಿದರು. ತಮ್ಮ ಶಾಲು ತರಿಸಿ ಅಪ್ರಮೇಯಯ್ಯನವರ ಹೆಗಲಿಗೆ ಹೊದಿಸಿದರು.

ಆದರೂ ಆಸೆ ಬಿಡಬೇಕಲ್ಲ. "ಶನಿವಾರ ನಾನು ಸುಮ್ಮನೆ ಇರಬೇಕೇನಯ್ಯ?" ಎಂದು ಕೇಳಿದರು.

"ಸುಮ್ಮನೆ ಯಾಕೆ, ಮಹಾಸ್ವಾಮಿ? ವಿದ್ಯಾರ್ಥಿಗಳ ಜೊತೆ ಮೈದಾನದ ಗೆರೆಯಾಚೆ ಕೂತು ಆಡಿ. ಅಲ್ಲಿಂದ ಆಡಿದವರು ಯಾರೂ ಇವತ್ತಿನವರೆಗೆ ಒಂದು ಗೋಲನ್ನೂ ತಪ್ಪಿಸಿಕೊಂಡಿಲ್ಲ."