ಡಬ್ಬಿಯಿಲ್ಲದ ಪಾಕ

ಹೊಳೆದಂಡೆಯ ಉತ್ತಯ್ಯನವರ ಮನೆಯನ್ನು ಊರವರು ತಮಾಷೆಗೆ ಆಶ್ರಮ ಎನ್ನುತ್ತಿದ್ದರು. ಅಲ್ಲಿ ಜಪತಪ ಇರಲಿಲ್ಲ. ಇಂಗ್ಲಿಷರ ಕಾಲದ ರೀತಿಯ ಕಪ್ಪು ಬಿಯರ್ ಹುದುಗು ಬರುತ್ತಿತ್ತು.

ಅದನ್ನು ಕಲಿಯದೆ ಬಿಡುವುದಿಲ್ಲವೆಂದು ದೇಚಮ್ಮ ಅವರ ಶಿಷ್ಯೆಯಾಗಿದ್ದಳು.

ಅಂದು ಬೆಳಿಗ್ಗೆ ಅವಳು ಬರಿಗೈಯಲ್ಲಿ ಬಂದಳು.

"ಗುರುಗಳೇ, ಬಿಯರ್ ಪುಸ್ತಕದಲ್ಲಿ ಬರೆದಿರೋ ಆ ಇಂಗ್ಲೆಂಡಿನ ಕಪ್ಪು ಸಕ್ಕರೆ ಪಾಕದ ಡಬ್ಬಿ ಎಲ್ಲೂ ಸಿಗಲಿಲ್ಲ. ಮೈಸೂರು, ಮಂಗಳೂರು ಎಲ್ಲಾ ಸುತ್ತಿದೆ. ಡಬ್ಬಿ ಬರೋ ತನಕ ಕಾಯೋಣ."

ಉತ್ತಯ್ಯ ಮೂಲೆಯ ಜಾಡಿ ತೋರಿಸಿದರು. ವರ್ಷಗಳಿಂದ ಅವರು ಸಾಕಿಕೊಂಡು ಬಂದ ಯೀಸ್ಟ್ ಅದರಲ್ಲಿತ್ತು.

"ಅದು ಕಾಯಲ್ಲ. ಇವತ್ತು ಬಾರ್ಲಿ ರಸಕ್ಕೆ ಬೀಳದಿದ್ದರೆ ಸತ್ತುಹೋಗುತ್ತೆ. ನನ್ನ ಹತ್ತಿರ ಇನ್ನೊಂದಿಲ್ಲ."

"ಹಾಗಾದರೆ ಜೋನಿ ಬೆಲ್ಲ ಹಾಕಿಬಿಡೋಣ. ಬಣ್ಣ ಅದೇ ತಾನೇ?"

ಅವರು ಒಂದು ಲೋಟ ಬಾರ್ಲಿ ರಸಕ್ಕೆ ಜೋನಿ ಬೆಲ್ಲ ಕದಡಿ ಕೊಟ್ಟರು. ದೇಚಮ್ಮ ಕುಡಿದು ಮುಖ ಕಿವುಚಿದಳು.

"ಏನು ಕುಡಿದೆ?"

"ಬೆಲ್ಲ."

"ಬಾರ್ಲಿ ಎಲ್ಲಿ ಹೋಯ್ತು?"

ಅವಳು ಲೋಟ ಕೆಳಗಿಟ್ಟಳು.

ಉತ್ತಯ್ಯ ಬಾಣಲೆಗೆ ಸಕ್ಕರೆ ಸುರಿದು, ನೀರು ಹಾಕಿ, ನಿಂಬೆಹಣ್ಣು ಹಿಂಡಿದರು.

"ನಿನ್ನ ಪಾಕ ಇದರಲ್ಲಿದೆ. ತೆಗೆ."

"ಇದು ಬೆಳ್ಳಗಿದೆಯಲ್ಲ!"

"ಇನ್ನೂ ಬೆಳ್ಳಗಿದೆ."

ಬೇಗ ಕೆಂಪಾಗಲೆಂದು ಅವಳು ಒಲೆಗೆ ಸೌದೆ ತಳ್ಳಿದಳು. ಅವರು ಹೊರಕ್ಕೆಳೆದರು. ಮತ್ತೆ ತಳ್ಳಿದಳು. ಮತ್ತೆ ಎಳೆದರು.

ಅವರು ನೀರಿಗೆ ಹೋದದ್ದೇ ತಡ, ಇಡೀ ಕೊರಡನ್ನೇ ನೂಕಿದಳು. ಪಾಕ ಹೊಗೆಯಾಡಿ ಕರಟಿತು.

ಉತ್ತಯ್ಯ ಬಂದು ಮೂಸಿ ನೋಡಿದರು.

"ಬಣ್ಣ ಬಂತು," ಎಂದಳು ದೇಚಮ್ಮ ಮೆಲ್ಲಗೆ.

"ಬಂತು. ಬಾಣಲೆ ತಿಕ್ಕು."

ತಿಕ್ಕಿದಳು. ಮತ್ತೆ ಸಕ್ಕರೆ, ನೀರು, ನಿಂಬೆಹಣ್ಣು. ಈ ಸಲ ಸೌದೆಯನ್ನು ಅವಳೇ ಹಿಂದಕ್ಕೆಳೆದು ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಕಾಲು ಜೋಮು ಹಿಡಿಯಿತು, ಸೌಟು ನಿಲ್ಲಲಿಲ್ಲ. ಪಾಕ ಜೇನಿನ ಬಣ್ಣಕ್ಕೆ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಹಳೆ ಹುಣಸೆಯ ಬಣ್ಣಕ್ಕೆ ತಿರುಗಿತು.

ಒಂದು ತೊಟ್ಟು ಆರಿಸಿ ನಾಲಿಗೆಗಿಟ್ಟುಕೊಂಡಳು. ಸಿಹಿ, ಅದರ ಹಿಂದೆ ಒಣದ್ರಾಕ್ಷಿಯಂಥ ರುಚಿ. ಬಾರ್ಲಿ ರಸಕ್ಕೆ ಕದಡಿ ಕುಡಿದು ನೋಡಿದಳು. ಬಾರ್ಲಿ ಇದ್ದಲ್ಲೇ ಇತ್ತು.

ಉತ್ತಯ್ಯನವರನ್ನು ಕೇಳದೆಯೇ ಪಾಕವನ್ನು ಬಾರ್ಲಿ ರಸದ ಹಂಡೆಗೆ ಸುರಿದಳು. ಕುದಿಸಿ, ಆರಿಸಿ, ಪೀಪಾಯಿಗೆ ತುಂಬಿ, ಯೀಸ್ಟ್ ಬಿಟ್ಟಳು.

ಬೆಳಗಾಗುವಷ್ಟರಲ್ಲಿ ಪೀಪಾಯಿಯ ಬಟ್ಟೆಯನ್ನು ನೊರೆ ಎತ್ತಿ ಹಿಡಿದಿತ್ತು.

"ಬದುಕಿತು ಗುರುಗಳೇ! ನಿಮ್ಮ ಡಬ್ಬಿಯ ಪಾಕವೂ ಹೀಗೇ ಇತ್ತಾ?"

"ಯಾವ ಡಬ್ಬಿ? ನಾನು ಕಂಡೇ ಇಲ್ಲ."

"ಮತ್ತೆ ನಿಮ್ಮ ಬಿಯರು ಥೇಟ್ ಇಂಗ್ಲೆಂಡಿನದು ಅಂತ ಎಲ್ಲರೂ ಅಂತಾರಲ್ಲ!"

"ಅವರೂ ಕಂಡಿಲ್ಲ, ತಾಯಿ. ಇನ್ನು ನಿನ್ನದಕ್ಕೂ ಹಾಗೇ ಅಂತಾರೆ."