ಕಲ್ಲಿಗೆ ಹೆಪ್ಪು ಹಾಕಿದ ಮಾಳವ್ವ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಆಗ ದಿನಗಳಿಗೆ ಬೇಗ ಮುಗಿಯುವುದು ಗೊತ್ತಿರಲಿಲ್ಲ. ಆಗಿನ ಒಂದು ದಿನ ಎಂದರೆ ಈಗಿನ ನೂರು ವರ್ಷ. ಮನುಷ್ಯರೂ ಕುರಿಗಳೂ ಅದೇ ಅಳತೆಯಲ್ಲಿ ಬದುಕುತ್ತಿದ್ದರು.

ಬಡಗಣ ಬೆಟ್ಟಗಳ ಮೇಲೆ ದೊಡ್ಡ ಹಿಮ ಮಲಗಿತ್ತು. ಸೂರ್ಯ ದಿಟ್ಟಿಸಿ ನೋಡಿದ. ಹಿಮ ಒಂದು ಹೆಜ್ಜೆ ಹಿಂದೆ ಸರಿಯಿತು. ಮತ್ತೆ ನೋಡಿದ. ಇನ್ನೊಂದು ಹೆಜ್ಜೆ ಸರಿಯಿತು. ಅದು ಬಿಟ್ಟುಹೋದ ಜಾಗದಲ್ಲಿ ಉಳಿದದ್ದು ಕಲ್ಲು ಮತ್ತು ನೀರು. ಹುಲ್ಲಿಲ್ಲ, ಹುಳುವಿಲ್ಲ, ಕಪ್ಪೆಯಿಲ್ಲ.

ಕೆಳಗಿನ ಕಣಿವೆಯಲ್ಲಿ ಹುಲ್ಲಿತ್ತು. ಮೊದಲು ಬಂದವರು ಅದಕ್ಕೆಲ್ಲ ಮುಳ್ಳುಬೇಲಿ ಹಾಕಿ ನಮ್ಮದು ಎಂದಿದ್ದರು. ಹುಲ್ಲು ಬೆಳೆಸಿದವರು ಅವರಲ್ಲ. ಬೇಲಿ ಹಾಕಿದವರು, ಅಷ್ಟೇ.

ಬೇಲಿಯೊಳಗೆ ಜಾಗ ಸಿಗದ ಮಾಳವ್ವ ಕುರಿ ಹೊಡೆದುಕೊಂಡು ಮೇಲೆ ಬಂದಳು. ಜೊತೆಗೆ ಅತ್ತೆ ಕೆಂಚವ್ವ. ಹನ್ನೆರಡು ಕುರಿ, ಒಂದು ಮರಿ, ಸೋರೆ ಬುರುಡೆಯಲ್ಲಿ ಒಂದಿಷ್ಟು ಹೆಪ್ಪು, ಮೂರು ದಿನಕ್ಕಾಗುವಷ್ಟು ಒಣಹುಲ್ಲು. ಮೂರನೆಯ ದಿನ ಮುಗಿಯುವುದರೊಳಗೆ ಮೇವು ಸಿಗದಿದ್ದರೆ ಕುರಿ ಸಾಯುತ್ತವೆ. ಮರಿ ಮೊದಲು ಸಾಯುತ್ತದೆ. ಅದರ ತಾಯಿ ಬೋಳಿಯ ಕೆಚ್ಚಲು ಆಗಲೇ ಬತ್ತಿತ್ತು.

ಮೊದಲನೆಯ ದಿನ ಮಾಳವ್ವ ಹಿಮದ ಕಾಲಬುಡದಿಂದ ಹರಿದು ಬರುವ ಹೊಳೆ ನೋಡಿದಳು. ಅದು ಬೆಳ್ಳಗಿತ್ತು.

"ಅತ್ತೇ, ಬನ್ನಿ ಇಲ್ಲಿ! ಬೆಟ್ಟ ಹಾಲು ಸುರಿಸ್ತಿದೆ!"

"ಬಾಯಿಗೆ ಹಾಕಿ ನೋಡೇ ಮೊದಲು."

ಹಾಕಿದಳು. ಚಳಿಗೆ ನಾಲಗೆ ಜೋಮು ಹಿಡಿಯಿತು, ರುಚಿ ತಿಳಿಯಲಿಲ್ಲ. "ಹಾಲಾದರೆ ಹೆಪ್ಪುಗಟ್ಟುತ್ತೆ" ಎಂದುಕೊಂಡು ದೊಡ್ಡ ಗಡಿಗೆ ತುಂಬಿಸಿ, ಬೆಚ್ಚಗೆ ಮಾಡಿ, ಬುರುಡೆಯಲ್ಲಿದ್ದ ಹೆಪ್ಪನ್ನೆಲ್ಲ ಸುರಿದುಬಿಟ್ಟಳು. ಗಡಿಗೆ ಅಲುಗದಂತೆ ಕಂಬಳಿ ಹೊದಿಸಿ ಕಾದಳು.

ಹೆಪ್ಪುಗಟ್ಟಲಿಲ್ಲ. ತಳದಲ್ಲಿ ಬೂದುಬಣ್ಣದ ಹಿಟ್ಟು ಕೂತಿತ್ತು. ಕೆಂಚವ್ವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಕಲ್ಲುಹಿಟ್ಟು! ಕಲ್ಲು ತೊಳೆದ ನೀರಿಗೆ ಹೆಪ್ಪು ಹಾಕಿದವಳು ಮೂರು ಲೋಕದಲ್ಲಿ ನನ್ನ ಸೊಸೆ ಒಬ್ಬಳೇ. ನಾಳೆಗೆ ಒಂದು ಚೂರಾದರೂ ಎತ್ತಿಟ್ಟೆಯೇನೇ?"

ಮಾಳವ್ವ ತಲೆ ತಗ್ಗಿಸಿದಳು. ಹೆಪ್ಪನ್ನು ಪೂರ್ತಿ ಮುಗಿಸಬಾರದು. ಕುರಿ ಕಾಯುವವರ ಮನೆಯಲ್ಲಿ ಹಾಲು ಕುಡಿಯುವ ಮಗುವಿಗೂ ಅದು ಗೊತ್ತು.

ಸಿಟ್ಟು ಹೊಳೆಯ ಮೇಲೆ ತಿರುಗಿತು. "ಹಾಲಲ್ಲ ಅಂತ ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ" ಎಂದಿತು ನೀರು. "ಹಿಮ ಸರಿಯುವಾಗ ಕಲ್ಲು ಅರೆಯುತ್ತದೆ. ಆ ಹಿಟ್ಟು ನನ್ನ ಮೈಗೆ ಅಂಟಿದೆ. ಆದರೆ ಒಂದು ಮಾತು ಕೇಳು. ಹಿಮದ ಹೊಟ್ಟೆಯಡಿ ಕತ್ತಲಲ್ಲಿ ಕೆಲವರಿದ್ದಾರೆ. ಕಣ್ಣಿಗೆ ಕಾಣುವುದಿಲ್ಲ. ಕಲ್ಲು ತಿನ್ನುತ್ತಾರೆ. ನಾನು ದಿನಾ ಅವರ ಪಕ್ಕದಲ್ಲೇ ಹರಿಯುತ್ತೇನೆ. ಹೆಪ್ಪು ಎಂದರೆ ಅವರೇ."

"ಮತ್ತೆ ಅವರು ಹೊರಗೆ ಯಾಕೆ ಬಂದಿಲ್ಲ?"

"ಯಾರೂ ಕರೆದಿಲ್ಲ."

ಎರಡನೆಯ ದಿನ ಮಾಳವ್ವ ಬರಿದಾದ ಬುರುಡೆ ಹಿಡಿದು ಹಿಮದ ಬಾಗಿಲಿಗೆ ಹೋದಳು. ದೀಪ ಹಚ್ಚುವ ಮೊದಲು ಹೆಪ್ಪು ಕೇಳಿದರೆ ಇಲ್ಲ ಎನ್ನಬಾರದು. ಹಗೆಯ ಮನೆಯವರೂ ಕೊಡಬೇಕು.

"ಹೆಪ್ಪು ಕೊಡು" ಎಂದಳು.

"ನನ್ನಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ" ಎಂದಿತು ಹಿಮ.

"ಇದ್ದೇವೆ" ಎಂದಿತು ಕೆಳಗಿನಿಂದ ಒಂದು ದನಿ. ಒಂದೇ ದನಿ, ಲೆಕ್ಕವಿಲ್ಲದಷ್ಟು ಬಾಯಿ.

"ನೀವಾ? ಸೂಜಿಮೊನೆಯ ಮೇಲೆ ಸಾವಿರ ಜನ ಕೂರುವವರು. ನೀವೂ ಒಂದು ಲೆಕ್ಕವಾ? ಕಲ್ಲು ಅರೆದವನು ನಾನು!"

"ಅರೆದದ್ದು ನೀನು. ಅದನ್ನು ಅನ್ನ ಮಾಡುವವರು ನಾವು. ನಿನ್ನ ಹಿಟ್ಟು ಸಾವಿರ ದಿನ ಬಿದ್ದಿದ್ದರೂ ಹಿಟ್ಟೇ. ಬೆಳ್ಳಗಿದ್ದೀಯ ಎಂದು ಲೋಕ ನಿನ್ನನ್ನು ಹೊಗಳುತ್ತದೆ. ನಾವು ಕತ್ತಲಲ್ಲಿ ದುಡಿದದ್ದನ್ನು ಯಾರೂ ನೋಡಿಲ್ಲ."

ಆಮೇಲೆ ಆ ದನಿ ಮಾಳವ್ವನ ಕಡೆ ತಿರುಗಿತು.

"ಅಕ್ಕಾ, ನಾವು ಬರುತ್ತೇವೆ" ಎಂದಿತು ಆ ದನಿ. "ಆದರೆ ಕೆರೆದು ಖಾಲಿ ಮಾಡಬೇಡ. ನಮ್ಮಲ್ಲಿ ಕೆಲವರಿಗೆ ಈ ಚಳಿ ಬಿಟ್ಟರೆ ಬದುಕಿಲ್ಲ, ಅವರು ಇಲ್ಲೇ ಇರಲಿ. ಹಿಮ ಒಂದು ಹೆಜ್ಜೆ ಸರಿದಾಗ ಒಂದು ಸೆರಗಿನಷ್ಟು ತಗೋ. ಕೆರೆದ ಗಡಿಗೆಗೆ ನಾಳೆ ಇಲ್ಲ."

"ಒಮ್ಮೆ ಕೆರೆದು ಕೆಟ್ಟಿದ್ದೇನೆ. ಇನ್ನು ಕೆರೆಯಲ್ಲ" ಎಂದಳು ಮಾಳವ್ವ.

ಹಿಮದಡಿಯ ನೀರಿನಲ್ಲಿ ಸೆರಗು ಅದ್ದಿದಳು. ಹೆಪ್ಪು ಕಡಿಮೆಯಿದ್ದಾಗ ಗಡಿಗೆಯ ಒಳಮೈಗೆ ಸವರುತ್ತಾರೆ. ಹಾಗೆಯೇ ಹೊಳೆಯ ಒಂದೊಂದು ಕಲ್ಲಿಗೂ ಸೆರಗು ಸವರುತ್ತ ಬಂದಳು.

"ಬೇಲಿಯ ಆಚೆಯವರು ನೋಡಿದರೆ ನಗ್ತಾರೆ ಕಣೇ" ಎಂದಳು ಕೆಂಚವ್ವ. "ನಿನ್ನೆ ನೀರಿಗೆ ಹೆಪ್ಪು, ಇವತ್ತು ಕಲ್ಲಿಗೆ. ನಾಳೆ ನನ್ನ ತಲೆಗೂ ಸವರು."

"ನಿಮ್ಮ ತಲೆ ಕಲ್ಲಿಗಿಂತ ಗಟ್ಟಿ ಅತ್ತೇ. ಹೆಪ್ಪುಗಟ್ಟಲ್ಲ. ಸ್ವಲ್ಪ ಕುರಿ ಹಿಡ್ಕೊಳ್ಳಿ, ಕಲ್ಲು ತುಳೀಬಾರದು."

ಬೈಯುತ್ತಲೇ ಕೆಂಚವ್ವ ಕುರಿ ಹಿಡಿದುಕೊಂಡಳು. ಹೆಪ್ಪಿಟ್ಟದ್ದನ್ನು ಅಲುಗಿಸಬಾರದು ಎಂಬುದು ಅವಳಿಗೂ ಗೊತ್ತಿತ್ತು.

ಮೂರನೆಯ ದಿನ ಕೊನೆಯ ಹಿಡಿ ಒಣಹುಲ್ಲು ಮುಗಿಯಿತು. ಮರಿ ಕೂಗುವುದನ್ನು ನಿಲ್ಲಿಸಿ ಮಲಗಿತು. ಕಲ್ಲುಗಳು ನಿನ್ನೆಯಂತೆಯೇ ಕಂಡವು.

"ಸಾಕು, ಇಳಿಯೋಣ. ಬೇಲಿಯವರ ಕಾಲು ಹಿಡಿಯೋಣ" ಎಂದು ಕೆಂಚವ್ವ ಮರಿಯನ್ನು ಎತ್ತಿಕೊಂಡು ಹೊಳೆ ದಾಟಲು ಕಲ್ಲಿನ ಮೇಲೆ ಕಾಲಿಟ್ಟಳು.

ಕಾಲು ಸರ್ರನೆ ಜಾರಿತು. ಕೆಂಚವ್ವ ಮರಿ ಸಮೇತ ನೀರಿನಲ್ಲಿ ಕೂತಳು.

ಮಾಳವ್ವ ಓಡಿ ಬಂದಳು. ಕೆಂಚವ್ವ ಏಳಲಿಲ್ಲ. ಕೂತಲ್ಲೇ ಕಲ್ಲಿನ ಮೇಲೆ ಬೆರಳಾಡಿಸಿದಳು. ನುಣ್ಣಗೆ, ಲೋಳೆಲೋಳೆಯಾಗಿ, ಕೆನೆಯಂತೆ ಏನೋ ಅಂಟಿತ್ತು. ಬೆರಳನ್ನು ಬಿಸಿಲಿಗೆ ಹಿಡಿದಳು. ತುದಿಯಲ್ಲಿ ಹಸಿರು.

"ಮಾಳೀ," ಎಂದಳು ಮೆಲ್ಲಗೆ, "ಕಲ್ಲು ಹೆಪ್ಪುಗಟ್ಟಿದೆ ಕಣೇ."

ಆ ಕೆನೆಗೆ ಗಾಳಿ ತಂದ ಧೂಳು ಅಂಟಿತು. ಧೂಳು ಮಣ್ಣಾಯಿತು. ಮಣ್ಣಿನಲ್ಲಿ ಹಾವಸೆ, ಹಾವಸೆಯ ಮೇಲೆ ಹುಲ್ಲು. ಆಗಿನ ದಿನ ನೂರು ವರ್ಷ ಉದ್ದವಿತ್ತಲ್ಲ, ಸೂರ್ಯ ಮುಳುಗುವುದರೊಳಗೆ ಎಲ್ಲವೂ ಆಯಿತು. ಬೋಳಿ ಮೇಯಿತು. ಸಂಜೆಗೆ ಅದರ ಕೆಚ್ಚಲಿಗೆ ಹಾಲಿಳಿಯಿತು. ಮರಿ ಎದ್ದು ನಿಂತಿತು.

ಆ ಹುಲ್ಲಿಗೆ ಮಾಳವ್ವ ಬೇಲಿ ಹಾಕಲಿಲ್ಲ. ಹಿಮ ಒಂದು ಹೆಜ್ಜೆ ಸರಿದಾಗಲೆಲ್ಲ ಒಂದೇ ಸೆರಗಿನಷ್ಟು ಹೆಪ್ಪು ಇಳಿಸಿದಳು. ಅವಳ ನಂತರ ಹೊಳೆಯೇ ಆ ಕೆಲಸ ಕಲಿತು ಹೆಪ್ಪನ್ನು ಊರೂರಿಗೆ ಒಯ್ದಿತು.

ಈಗ ಹಿಮ ಹೆಜ್ಜೆ ಇಡುತ್ತಿಲ್ಲ, ಓಡುತ್ತಿದೆ. ಓಡಿಸುತ್ತಿರುವವರು ಕುರಿ ಕಾಯುವವರಲ್ಲ, ಲೋಕದ ತುಂಬ ಹೊಗೆ ಎಬ್ಬಿಸಿದವರು. ಚಳಿ ಬಿಟ್ಟರೆ ಬದುಕಿಲ್ಲದ ಆ ಸಣ್ಣವರು ಅದರ ಹಿಂದೆಯೇ ಮೇಲೆ ಮೇಲೆ ಹೋಗುತ್ತಿದ್ದಾರೆ. ಬೆಟ್ಟಕ್ಕೆ ತುದಿ ಇದೆ. ಹೊಗೆ ಎಬ್ಬಿಸಿದವರು ಗಡಿಗೆಯನ್ನು ತಳದವರೆಗೆ ಕೆರೆಯುತ್ತಿದ್ದಾರೆ.

ಅಂದಿನಿಂದ ಇಂದಿನವರೆಗೂ ನೀರಿನ ಕಲ್ಲುಗಳು ಜಾರುತ್ತವೆ. ನೀನು ಹೊಳೆಗಿಳಿದು ಕಾಲು ಜಾರಿ ಬಿದ್ದಾಗ ಕಲ್ಲಿಗೆ ಬೈಯಬೇಡ, ಒಮ್ಮೆ ಬೆರಳಾಡಿಸಿ ನೋಡು, ಅದು ಮಾಳವ್ವ ಮುಗಿಸದೆ ಉಳಿಸಿದ ಹೆಪ್ಪು.